ಬಿಡುವ ಲೆಕ್ಕ

ಮಾಜಾಳಿಯಲ್ಲಿ ನನ್ನ ಹೆಸರು ಕೇಳಿದರೆ
ಎರಡೂಮುಕ್ಕಾಲು ಎನ್ನುತ್ತಾರೆ.
ಪುರ್ಸೊ ತಾಂಡೇಲ ಎಂಬುದು ರೇಶನ್ ಕಾರ್ಡಿಗೆ ಮಾತ್ರ.
ಎರಡು ನಿಮಿಷ, ಮೇಲೊಂದು ಮುಕ್ಕಾಲು:
ತಿಳಮಾತಿಯ ಬಂಡೆಯ ಬುಡದಲ್ಲಿ
ಅಷ್ಟು ಹೊತ್ತು ಉಸಿರು ಕಟ್ಟಿ
ಉಳಿಯಿಂದ ನೀಲಿಕಲ್ಲು ಎಬ್ಬಿಸುತ್ತಿದ್ದವನು ನಾನು.

ಅಪ್ಪ ಕಲಿಸಿದ್ದು ಒಂದೇ ಮಾತು:
"ಕೆಳಗಿದ್ದಾಗ ಬಿಡಬೇಡ. ಬಿಟ್ಟವ ಸಿಕ್ಕಿಲ್ಲ."

ಕಳೆದ ಶಿಗ್ಮೆಯ ಮರುದಿನ
ತೆರೆಯೊಂದು ನನ್ನನ್ನೆತ್ತಿ ಬಂಡೆಗೆ ಬಡಿಯಿತು,
ಹೆಂಗಸರು ಗೋಣಿತಾಟು ಒಗೆದಂತೆ.
ಎಲುಬು ಮುರಿಯಲಿಲ್ಲ. ಬಲಭುಜ ಮಾತ್ರ
ತುಕ್ಕು ಹಿಡಿದ ಬಿಜಾಗರಿ.
ಅಂಗಿ ತೊಡಿಸಲು ಹೆಂಡತಿ ಬೇಕು,
ಬೆನ್ನು ತುರಿಸಲು ಹೆಂಡತಿ ಬೇಕು,
ಬೈಸಿಕೊಳ್ಳಲು ಹೇಗೂ ಬೇಕೇ ಬೇಕು.
ಎಣ್ಣೆ ಆಯಿತು, ಬಿಸಿ ಉಪ್ಪಿನ ಗಂಟು ಆಯಿತು,
ಅಂಕೋಲೆಯ ಕಡೆಯವರೊಬ್ಬರ ಸೊಪ್ಪಿನ ಪಟ್ಟು ಆಯಿತು.
ಪಟ್ಟಿನೊಳಗೆ ನೋವು ಬೆಚ್ಚಗೆ ಮಲಗಿ
ರಾತ್ರಿ ಎರಡಕ್ಕೆ ಏಳುತ್ತಿತ್ತು,
ಟ್ರಾಲರಿಗೆ ಹೊರಡುವವರ ಹಾಗೆ.

ಕಾರವಾರದ ದೊಡ್ಡಾಸ್ಪತ್ರೆ, ಕೊನೆಯ ಕೋಣೆ.
ರಿಜ್ವಾನಾ ಎಂಬ ಹುಡುಗಿ
ಭುಜ ಮುಟ್ಟುವ ಮೊದಲು ಮುಖ ನೋಡಿದಳು.
ಕೈ ತುಸು ಎತ್ತಿದಳು. ಇನ್ನೂ ತುಸು.
"ಉಸಿರು ಎಲ್ಲಿ?" ಅಂದಳು.
"ಯಾವ ಉಸಿರು?"
"ಅದೇ. ನಿಲ್ಲಿಸಿಟ್ಟಿದ್ದೀರಲ್ಲ."

ಬೀಗಿದೆ. ಎರಡೂಮುಕ್ಕಾಲಿನ ಕಥೆ ಹೇಳಿದೆ.
ಅವಳು ನಗಲಿಲ್ಲ, ಹೊಗಳಲೂ ಇಲ್ಲ.
ನನ್ನ ಒಂದು ಕೈಯನ್ನು ಎದೆಯ ಮೇಲಿಟ್ಟಳು, ಇನ್ನೊಂದು ಹೊಟ್ಟೆಯ ಮೇಲೆ.
ಎದೆಯ ಕೈಗೆ ಕಾಳು ಹೆಕ್ಕುವ ಕೋಳಿಯ ಗಡಿಬಿಡಿ.
ಹೊಟ್ಟೆಯದು ಮಳೆಗಾಲಕ್ಕೆ ಕವುಚಿಟ್ಟ ದೋಣಿ.
"ಕುತ್ತಿಗೆಯ ಈ ಹುರಿ ಮುಟ್ಟಿ ನೋಡಿ.
ಉಸಿರೆಳೆಯುವ ಕೂಲೀನೂ ಇವೇ ಮಾಡ್ತಿವೆ,
ಹಗಲೂ ರಾತ್ರಿ ಪಾಳಿ. ಇವಕ್ಕೆ ರಜೆ ಯಾವಾಗ?
ಭುಜ ಗುಣ ಆಗೋದು ಯಾವಾಗ?"

ಶಿಗ್ಮೆಯಿಂದೀಚೆ ನಾನು ಮೇಲೆ ಬಂದೇ ಇಲ್ಲ.
ಚಾದರ ಸರಿಸುವಾಗ, ಚೊಂಬು ಎತ್ತುವಾಗ,
ಬಸ್ಸಿನ ಕಂಬಿ ಹಿಡಿಯುವಾಗ
ನೋವು ಬರುವ ಮುಂಚೆಯೇ ಮುಳುಗಿ
ಹಲ್ಲು ಕಚ್ಚಿ ಕೂತಿದ್ದೇನೆ,
ಒಣನೆಲದಲ್ಲಿ.

"ಮೂರಕ್ಕೆ ಎಳೀರಿ, ಆರಕ್ಕೆ ಬಿಡಿ.
ಬಿಡುವಾಗಲೇ ಕೈ ಎತ್ತಬೇಕು."
ಬಿಡುವಾಗಲೇ!
ಅಪ್ಪ ಕೇಳಿದ್ದರೆ ದೋಣಿಯ ಹುಟ್ಟಿನಿಂದ ಬಾರಿಸುತ್ತಿದ್ದ,
ಅವಳಿಗಲ್ಲ, ನನಗೆ.

ಮನೆಯಲ್ಲಿ, ಗೋಡೆಯ ಮೇಲೆ, ಬೆರಳುಗಳಿಗೆ ಏಡಿಯ ನಡಿಗೆ.
ಅದೇ ಗೋಡೆಯಲ್ಲಿ ಮಗಳ ಎತ್ತರದ ಗೆರೆಗಳು,
ಪೆನ್ಸಿಲಿನವು, ಇಯತ್ತೆಗೊಂದೊಂದು.
ಮೊದಲ ವಾರ ನನ್ನ ಕೈ ಬಾಲವಾಡಿ ದಾಟಲಿಲ್ಲ.
ತುಟಿ ಚೂಪು ಮಾಡಿ ಬಿಟ್ಟದ್ದು ಸಿಳ್ಳೆಯಾಗಿ
ಪಕ್ಕದ ಮನೆಯ ನಾಯಿ ಬಂದು ಕೂರುತ್ತಿತ್ತು,
ಬಾಂಗಡೆಯ ತಲೆ ಸಿಗುತ್ತದೆಂದು.
ಲೆಕ್ಕ ಮಗಳದು:
ನಾಲ್ಕು, ಐದು, ಬಾಬಾ ಕಳ್ಳಾಟ ಬೇಡ, ಆರು.

ನೋವು ಹೋಯಿತೆಂದು ಹೇಳಲಾರೆ.
ಬಂಡೆಗಂಟಿದ ನೀಲಿಕಲ್ಲು ನೋಡಿದ್ದೀರಲ್ಲ,
ಉಳಿ ತಾಗಿದೊಡನೆ ಬಾಯಿ ಬಿಗಿದು
ಇನ್ನಷ್ಟು ಕಚ್ಚಿಕೊಳ್ಳುತ್ತದೆ.
ಅದರ ಪಾಡಿಗೆ ಬಿಟ್ಟು
ನೀರು ಬಂದು ಹೋಗುವುದನ್ನು ಕಾದರೆ
ಒಂದು ಎಳೆಯಷ್ಟು ತೆರೆಯುತ್ತದೆ.
ಅಷ್ಟೇ. ಒಂದು ಎಳೆ.
ಈಗ ರಾತ್ರಿ ಎರಡಕ್ಕೆ ಎಚ್ಚರಾದರೆ
ಹೊಟ್ಟೆಯ ಮೇಲೆ ಕೈಯಿಟ್ಟು
ದೋಣಿ ಏಳುವುದನ್ನು, ಕೂರುವುದನ್ನು ಕಾಯುತ್ತೇನೆ.
ಮೂರಕ್ಕೆ ಮತ್ತೆ ನಿದ್ದೆ ಹತ್ತುವುದೂ ಉಂಟು.

ನಿನ್ನೆ ಸಂಜೆ, ದೇವಗಡದ ದೀಪ ಹತ್ತುವ ಹೊತ್ತು,
ಐದು ಎನ್ನುವಾಗ ಬೆರಳು
ಏಳನೆಯ ಇಯತ್ತೆ ಮುಟ್ಟಿತು.
ಮಗಳು ಆರು ಎನ್ನಲು ಮರೆತಳು.
ನಾನು ಬಿಡುತ್ತಲೇ ಇದ್ದೆ,
ಏಳು, ಎಂಟು.
ನಾಯಿ ಬಾಲ ಅಲ್ಲಾಡಿಸುತ್ತಿತ್ತು.